ಎಂಜಲು ಒಬ್ಬನದು, ವಂಶಾವಳಿ ಮನೆತನದ್ದು

(ಬಾಗಲಕೋಟೆಯ ನವನಗರದಲ್ಲಿ ಕಿರಿಯ ವಕೀಲರು ಮತ್ತು ಕಾನೂನು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಅವಸರದಿಂದ ದಾಟಿಹೋದ ಒಂದೆರಡು ಸಂಗತಿಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಅಪರಾಧ ತನಿಖೆಗಾಗಿ ದೇಶದ ಮಟ್ಟದಲ್ಲಿ ಡಿಎನ್ಎ ಸಂಗ್ರಹ ಇಡುವ ವಿಚಾರವಾಗಿ ಮಾತನಾಡಬೇಕು ಎಂದು ನೀವು ಕೇಳಿದಾಗ ನನಗೆ ಮೊದಲು ನೆನಪಾದವರು ಮನೆಮನೆಗೆ ಬಂದು ವಂಶಾವಳಿ ಓದುವ ಹೆಳವರು. ನಾನು ಹುಟ್ಟಿ ಬೆಳೆದದ್ದು ಘಟಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ. ಸುಗ್ಗಿ ಮುಗಿದು ಜೋಳದ ರಾಶಿ ಮನೆ ಸೇರಿದ ಮೇಲೆ, ಎರಡು ಮೂರು ವರ್ಷಕ್ಕೊಮ್ಮೆ ನಮ್ಮ ಮನೆತನದ ಹೆಳವರು ಬರುತ್ತಿದ್ದರು. ಎತ್ತಿನ ಕೊರಳ ಗಂಟೆ ಓಣಿಯ ತುದಿಯಲ್ಲಿ ಕೇಳಿಸಿದ ಕೂಡಲೇ ಅಜ್ಜಿ ಅಂಗಳದಲ್ಲಿ ಕಂಬಳಿ ಹಾಸಿ ತಂಬಿಗೆಯಲ್ಲಿ ನೀರು ಇಡುತ್ತಿದ್ದಳು. ಅವರು ಕೆಂಪು ಬಟ್ಟೆಯ ಗಂಟು ಬಿಚ್ಚಿ, ಉದ್ದನೆಯ ಪುಸ್ತಕ ತೆರೆದು, ಮೂಲಪುರುಷನಿಂದ ಹಿಡಿದು ಹೆಸರುಗಳನ್ನು ಓದುತ್ತಿದ್ದರು. ಯಾವ ಊರಿನಿಂದ ಯಾವ ಊರಿಗೆ ಬಂದೆವು, ನಮ್ಮ ಬೆಡಗು, ಅಂದರೆ ಕುಲದ ಕವಲು, ಯಾವುದು, ಯಾರಿಗೆ ಗಂಡು ಸಂತಾನ ಇರಲಿಲ್ಲ, ಯಾರು ದತ್ತಕ ಬಂದರು, ಎಲ್ಲವೂ ಅಲ್ಲಿತ್ತು. ಕೊನೆಯಲ್ಲಿ ಆ ನಡುವೆ ಹುಟ್ಟಿದ ಮಕ್ಕಳ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದರು. ನನ್ನ ಹೆಸರನ್ನು ಬರೆದದ್ದನ್ನು ಅಜ್ಜಿ ಬೆರಳಿಟ್ಟು ತೋರಿಸಿದ ನೆನಪು ನನಗೆ ಇನ್ನೂ ಇದೆ.

ಒಂದು ಸಲ ನಮ್ಮ ತಂದೆ ಅವರಿಗೆ ಬೇರೊಂದು ಮನೆಯ ವಂಶಾವಳಿ ಕೇಳಿದರು. ಆ ಮನೆಯವರೊಂದಿಗೆ ಹೊಲದ ಬದುವಿನ ವ್ಯಾಜ್ಯ ನಡೆದಿತ್ತು. ಆ ಹೊಲ ಅವರಿಗೆ ಹೇಗೆ ಬಂತು ಎಂದು ತಂದೆಗೆ ತಿಳಿಯಬೇಕಿತ್ತು. ಹೆಳವರು ಪುಸ್ತಕ ಮುಚ್ಚಿ ಗಂಟು ಕಟ್ಟಿದರು. "ಗೌಡರೇ, ಅವರ ಮನೆಯದನ್ನು ಅವರ ಅಂಗಳದಲ್ಲಿಯೇ ಓದುತ್ತೇನೆ. ನಿಮ್ಮದನ್ನೂ ಅವರ ಮುಂದೆ ಓದುವುದಿಲ್ಲ" ಎಂದರು. ತಂದೆ ಮರುಮಾತನಾಡಲಿಲ್ಲ. ವಾಡಿಕೆಯಂತೆ ಜೋಳ ಅಳೆದು ಹಾಕಿ ಕಳುಹಿಸಿಕೊಟ್ಟರು.

ನಲವತ್ತು ವರ್ಷ ಕ್ರಿಮಿನಲ್ ವಕೀಲಿಕೆ ಮಾಡಿದ ಮೇಲೆ ಈ ಘಟನೆಗೆ ಏಕೆ ಮರಳಿದೆ ಎಂದರೆ, ಡಿಎನ್ಎ ಎಂಬುದೂ ಒಂದು ವಂಶಾವಳಿ. ಬೆರಳಚ್ಚು ಒಬ್ಬ ಮನುಷ್ಯನದು. ನನ್ನ ಹೆಬ್ಬೆಟ್ಟಿನ ಗೆರೆಯಿಂದ ನನ್ನ ತಮ್ಮನನ್ನು ಯಾರೂ ಹುಡುಕಲಾರರು. ನನ್ನ ಎಂಜಲಿನಿಂದ ಹುಡುಕಬಹುದು. ನನ್ನ ತಮ್ಮ, ಅವನ ಮಗ, ದೂರದ ಊರಿನಲ್ಲಿರುವ ದೊಡ್ಡಪ್ಪನ ಮೊಮ್ಮಗ, ಇನ್ನೂ ಹುಟ್ಟದ ನನ್ನ ಮೊಮ್ಮಗಳು, ಇವರೆಲ್ಲರ ಒಂದೊಂದು ತುಣುಕು ಅದರಲ್ಲಿದೆ. ನಮ್ಮ ಕಾನೂನು ಇದನ್ನು ಇನ್ನೂ ಒಬ್ಬನ "ಅಳತೆ" ಎಂದೇ ಲೆಕ್ಕ ಹಿಡಿದಿದೆ. ಈ ಹೊತ್ತು ನಾನು ಹೇಳಬೇಕಾದದ್ದು ಮುಖ್ಯವಾಗಿ ಇದನ್ನೇ.

ಮೊದಲು, ಪ್ರಯೋಗಾಲಯದಲ್ಲಿ ಏನನ್ನು ನೋಡುತ್ತಾರೆ ಎಂಬುದು ಸ್ಪಷ್ಟವಾಗಬೇಕು. ನಮ್ಮ ಪ್ರತಿ ಜೀವಕೋಶದೊಳಗಿನ ಡಿಎನ್ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳ ಬರಹ ಇದೆ. ಅದರಲ್ಲಿ ಬಹುಪಾಲು ಎಲ್ಲ ಮನುಷ್ಯರಿಗೂ ಒಂದೇ. ಕೆಲವು ಜಾಗಗಳಲ್ಲಿ ಮಾತ್ರ ಒಂದು ಚಿಕ್ಕ ತುಂಡು ಮತ್ತೆ ಮತ್ತೆ ಬರುತ್ತದೆ. ಇಳಕಲ್ ಸೀರೆಯ ಅಂಚನ್ನು ನೆನಪಿಸಿಕೊಳ್ಳಿ. ಒಂದೇ ಚಿಕ್ಕ ವಿನ್ಯಾಸ ಸಾಲಾಗಿ ಮರುಕಳಿಸುತ್ತದೆ, ಒಂದು ಸೀರೆಯಲ್ಲಿ ಹನ್ನೊಂದು ಸಲ, ಇನ್ನೊಂದರಲ್ಲಿ ಹದಿನಾಲ್ಕು ಸಲ. ಹೀಗೆ ಮರುಕಳಿಸಿದ್ದನ್ನು ಎಣಿಸುವುದೇ ಕೆಲಸ. ಪ್ರತಿ ಜಾಗದಲ್ಲಿ ಎರಡು ಸಂಖ್ಯೆ ಸಿಗುತ್ತವೆ, ಒಂದು ತಾಯಿಯಿಂದ ಬಂದದ್ದು, ಒಂದು ತಂದೆಯಿಂದ ಬಂದದ್ದು. ಅಮೆರಿಕದಲ್ಲಿ 2017ರಿಂದ ಇಂತಹ 20 ಜಾಗಗಳನ್ನು ನೋಡುತ್ತಾರೆ. ಕೊನೆಗೆ ಕಂಪ್ಯೂಟರಿನಲ್ಲಿ ಉಳಿಯುವುದು ಈ ಸಂಖ್ಯೆಗಳ ಸಾಲು. ಇದನ್ನು ಪ್ರೊಫೈಲ್ ಎನ್ನುತ್ತಾರೆ. ಎಂಜಲು ಒರೆಸಿದ ಹತ್ತಿಯ ಕಡ್ಡಿ ಅಥವಾ ರಕ್ತ ಹೀರಿದ ಕಾಗದ ಬೇರೆ, ಅದು ಮಾದರಿ. ಇವೆರಡರ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸಂಖ್ಯೆಗಳ ಸಾಲು ಹೇಳುವುದು ಸ್ವಲ್ಪ. ಮಾದರಿ ಉಳಿದಿದ್ದರೆ ಕಾಯಿಲೆ, ರಕ್ತಸಂಬಂಧ, ಪೂರ್ವಿಕರ ಮೂಲ, ಯಾವುದನ್ನು ಬೇಕಾದರೂ ಇನ್ನೊಮ್ಮೆ ಓದಬಹುದು.

ಈ ವಿದ್ಯೆಯನ್ನು ನಾನು ವಿರೋಧಿಸುತ್ತಿಲ್ಲ. ಅದು ಕ್ರಿಮಿನಲ್ ಮೊಕದ್ದಮೆಗೆ ಮೊದಲ ಬಾರಿ ಬಂದದ್ದೇ ಒಬ್ಬ ನಿರಪರಾಧಿಯನ್ನು ಬಿಡಿಸಲು. 1984ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರಿಸ್ ಡಿಎನ್ಎ ಗುರುತಿನ ವಿಧಾನವನ್ನು ಕಂಡುಹಿಡಿದರು. ಅದೇ ಪ್ರದೇಶದಲ್ಲಿ 1983ರಲ್ಲಿ ಮತ್ತು 1986ರಲ್ಲಿ ಇಬ್ಬರು ಹದಿನೈದು ವರ್ಷದ ಬಾಲಕಿಯರ ಅತ್ಯಾಚಾರ ಮತ್ತು ಕೊಲೆ ನಡೆದಿತ್ತು. ಹದಿನೇಳು ವರ್ಷದ ಒಬ್ಬ ಹುಡುಗ ಎರಡನೆಯ ಕೊಲೆಯನ್ನು ತಾನೇ ಮಾಡಿದೆ ಎಂದು ಪೊಲೀಸರ ಮುಂದೆ ಒಪ್ಪಿಕೊಂಡಿದ್ದ. ಜೆಫ್ರಿಸ್ ಪರೀಕ್ಷಿಸಿದಾಗ ಎರಡೂ ಕೃತ್ಯ ಒಬ್ಬನದೇ, ಆದರೆ ಅವನು ಈ ಹುಡುಗನಲ್ಲ ಎಂದು ತಿಳಿಯಿತು. ತಪ್ಪೊಪ್ಪಿಗೆ ಸುಳ್ಳಾಗಿತ್ತು, ಹುಡುಗ ಬಿಡುಗಡೆಯಾದ. ಆಮೇಲೆ ಪೊಲೀಸರು ಸುತ್ತಲಿನ ಊರುಗಳ ಸುಮಾರು 5000 ಗಂಡಸರ ಮಾದರಿ ಸಂಗ್ರಹಿಸಿದರು. ಒಬ್ಬನದೂ ತಾಳೆಯಾಗಲಿಲ್ಲ. ನಿಜವಾದ ಅಪರಾಧಿ ತನ್ನ ಬದಲು ಜೊತೆಗಾರನಿಂದ ರಕ್ತ ಕೊಡಿಸಿದ್ದ. ಆ ಜೊತೆಗಾರ ಪಾನಗೃಹದಲ್ಲಿ ಅದನ್ನು ಬಾಯಿಬಿಟ್ಟ ಮೇಲೆ ಅವನು ಸಿಕ್ಕಿಬಿದ್ದ, 1988ರಲ್ಲಿ ಶಿಕ್ಷೆಯಾಯಿತು. ಯಂತ್ರ ತನ್ನಷ್ಟಕ್ಕೆ ಯಾರನ್ನೂ ಹಿಡಿಯಲಿಲ್ಲ ಎಂಬುದನ್ನು ಇಲ್ಲಿ ಗಮನಿಸಿ.

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ಬಿದ್ದಾಗ, ಗುರುತು ಸಿಗದಷ್ಟು ಸುಟ್ಟ ದೇಹಗಳನ್ನು ಮನೆಯವರಿಗೆ ಒಪ್ಪಿಸಿದ್ದು ಡಿಎನ್ಎ ಪರೀಕ್ಷೆಯೇ. ತಾಯಂದಿರು, ಮಕ್ಕಳು ಸಾಲಾಗಿ ನಿಂತು ರಕ್ತ ಕೊಟ್ಟರು. 2023ರಲ್ಲಿ ಒಡಿಶಾದ ರೈಲು ದುರಂತದಲ್ಲಿಯೂ ಹೀಗೆಯೇ ಆಯಿತು. ಇಂತಹ ವಿದ್ಯೆ ಬೇಡ ಎನ್ನುವವರು ಆ ಸಾಲಿನಲ್ಲಿ ನಿಂತವರ ಮುಖ ನೋಡಬೇಕು. ಆದರೆ ಹಾಗೆ ದುಃಖದಲ್ಲಿ ಕೊಟ್ಟ ರಕ್ತ ಮುಂದೆ ಯಾವ ಖಾತೆಗೆ ಹೋಗಬಾರದು ಎಂದು ಕಾನೂನೇ ಹೇಳಬೇಕು. ಈ ಮಾತಿಗೆ ಆಮೇಲೆ ಬರುತ್ತೇನೆ.

ಈಗ ನಮ್ಮ ಕಾನೂನು. 1920ರ ಕೈದಿಗಳ ಗುರುತಿನ ಕಾಯ್ದೆ ಬೆರಳಚ್ಚು, ಹೆಜ್ಜೆಗುರುತು, ಭಾವಚಿತ್ರಕ್ಕೆ ಸೀಮಿತವಾಗಿತ್ತು. ಬೆರಳಚ್ಚು ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಲ್ಲ ಎಂದು 1961ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಕಾಥಿ ಕಾಲು ಪ್ರಕರಣದಲ್ಲಿ ಹೇಳಿತು. ಇಂದಿಗೂ ಆ ಮಾತೇ ಆಧಾರ. ಡಿಎನ್ಎಗೆಂದೇ ಒಂದು ಮಸೂದೆ 2019ರ ಜುಲೈನಲ್ಲಿ ಲೋಕಸಭೆಗೆ ಬಂತು. ಘಟನಾ ಸ್ಥಳ, ಶಂಕಿತರು ಮತ್ತು ವಿಚಾರಣಾಧೀನರು, ಶಿಕ್ಷೆಯಾದವರು, ಕಾಣೆಯಾದವರು, ಗುರುತು ಸಿಗದ ಶವಗಳು ಎಂದು ಐದು ಬೇರೆ ಬೇರೆ ಸೂಚಿಗಳಿರುವ ರಾಷ್ಟ್ರೀಯ ಸಂಗ್ರಹ ಅದರಲ್ಲಿತ್ತು. ಅದನ್ನು ಸ್ಥಾಯಿ ಸಮಿತಿಗೆ ಕಳುಹಿಸಿದರು, 2021ರ ಫೆಬ್ರವರಿಯಲ್ಲಿ ವರದಿ ಬಂತು. ಧರ್ಮ, ಜಾತಿ, ರಾಜಕೀಯ ನಿಲುವಿನ ಆಧಾರದ ಮೇಲೆ ಜನರನ್ನು ಗುರಿ ಮಾಡಲು ಇದನ್ನು ಬಳಸಬಹುದು ಎಂಬ ಸದಸ್ಯರ ಆತಂಕ ಅದರಲ್ಲಿ ದಾಖಲಾಗಿದೆ. 2023ರ ಜುಲೈನಲ್ಲಿ ಸರ್ಕಾರ ಮಸೂದೆಯನ್ನೇ ಹಿಂತೆಗೆದುಕೊಂಡಿತು.

ಮಸೂದೆ ಹೋಯಿತು, ಇನ್ನು ಚಿಂತೆ ಇಲ್ಲ ಎಂದು ಕೆಲವರು ಅಂದುಕೊಂಡರು. ಅದು ತಪ್ಪು ತಿಳಿವಳಿಕೆ. ಅಷ್ಟರಲ್ಲಿ 2022ರ ಕ್ರಿಮಿನಲ್ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಬಂದಾಗಿತ್ತು. "ಅಳತೆ" ಎಂಬ ಒಂದೇ ಪದದೊಳಗೆ ಬೆರಳಚ್ಚು, ಅಂಗೈ ಅಚ್ಚು, ಕಣ್ಣಿನ ಪಾಪೆ, ಸಹಿ, ಕೈಬರಹದ ಜೊತೆಗೆ "ಜೈವಿಕ ಮಾದರಿಗಳು ಮತ್ತು ಅವುಗಳ ವಿಶ್ಲೇಷಣೆ" ಸೇರಿಹೋಗಿದೆ. ಡಿಎನ್ಎ ಎಂಬ ಪದ ಬರೆಯದೆಯೇ ಡಿಎನ್ಎಗೆ ಬಾಗಿಲು ತೆರೆದಂತಾಯಿತು. ದಾಖಲೆಗಳು ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದಲ್ಲಿ 75 ವರ್ಷ ಇರುತ್ತವೆ. ಹಳೆಯ ಮಸೂದೆಯಲ್ಲಿ ಕನಿಷ್ಠ ಒಂದು ನಿಯಂತ್ರಣ ಮಂಡಳಿಯ ಮಾತಿತ್ತು, ಪ್ರಯೋಗಾಲಯಗಳಿಗೆ ಮಾನ್ಯತೆಯ ನಿಯಮವಿತ್ತು. ಈ ಕಾಯ್ದೆಯಲ್ಲಿ ಅವೂ ಇಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ನೆರವಿಗೆ ಬರಬಹುದೇ ಎಂದು ಕೇಳಬಹುದು. ಅಪರಾಧ ತನಿಖೆಗೆ ಅದರ 17ನೆಯ ಕಲಮಿನಲ್ಲಿಯೇ ವಿನಾಯಿತಿ ಕೊಟ್ಟಿದ್ದಾರೆ.

ಒಂದು ರಕ್ಷಣೆ ಮಾತ್ರ 2022ರ ಕಾಯ್ದೆಯ 3ನೆಯ ಕಲಮಿನ ಪರಂತುಕದಲ್ಲಿ, ಅಂದರೆ ವಿನಾಯಿತಿಯ ಷರತ್ತಿನಲ್ಲಿ, ಇದೆ. ಮಹಿಳೆ ಅಥವಾ ಮಕ್ಕಳ ವಿರುದ್ಧದ ಅಪರಾಧ, ಇಲ್ಲವೇ ಏಳು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಅಪರಾಧ, ಇವುಗಳನ್ನು ಬಿಟ್ಟು ಬೇರೆ ಪ್ರಕರಣದಲ್ಲಿ ಬಂಧಿತನಾದವನು ಜೈವಿಕ ಮಾದರಿ ಕೊಡಲೇಬೇಕೆಂಬ ಒತ್ತಾಯವಿಲ್ಲ. ಈ ಪರಂತುಕ ಠಾಣೆಯಲ್ಲಿ ಹೇಗೆ ಬಾಳುತ್ತದೆ ಎಂಬುದಕ್ಕೆ ನನ್ನ ಬಳಿ ಬಂದ ಒಂದು ಪ್ರಕರಣ ಹೇಳುತ್ತೇನೆ. ಊರು, ಠಾಣೆ, ಹೆಸರು ಹೇಳುವುದಿಲ್ಲ.

ನದಿ ದಂಡೆಯಲ್ಲಿ ರೈತರ ಪಂಪ್‌ಸೆಟ್ಟಿನ ಕೇಬಲ್ ಕಳವಾಗಿತ್ತು. ಒಳಗಿನ ತಾಮ್ರಕ್ಕಾಗಿ ಕೇಬಲ್ ಕತ್ತರಿಸುವುದು ನಮ್ಮ ಭಾಗದಲ್ಲಿ ಹೊಸದಲ್ಲ. ಕತ್ತರಿಸುವಾಗ ಕಳ್ಳನ ಕೈಗೆ ಗಾಯವಾಗಿತ್ತು, ಉಳಿದ ತುದಿಗೆ ರಕ್ತ ಅಂಟಿತ್ತು. ಹತ್ತಿರದಲ್ಲಿ ಕಬ್ಬು ಕಡಿಯುವ ಗ್ಯಾಂಗ್ ಬೀಡುಬಿಟ್ಟಿತ್ತು. ಅದರಲ್ಲಿದ್ದ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗನ ಅಂಗೈಯಲ್ಲಿ ಕೊಯ್ತದ ಗಾಯವಿತ್ತು. ಕಬ್ಬು ಕಡಿಯುವವರ ಅಂಗೈ ನೋಡಿದವರಿಗೆ ಗೊತ್ತು, ಗಾಯವಿಲ್ಲದ ಅಂಗೈ ಅಲ್ಲಿ ಸಿಗುವುದಿಲ್ಲ. ಅವನನ್ನು ಬಂಧಿಸಿದರು, ರಕ್ತ ತೆಗೆಸಿದರು. ಸಾಮಾನ್ಯ ಕಳವಿಗೆ ಹೊಸ ನ್ಯಾಯ ಸಂಹಿತೆಯಲ್ಲಿ ಮೂರು ವರ್ಷದವರೆಗಿನ ಶಿಕ್ಷೆ. ಅವನು ಒಲ್ಲೆ ಎನ್ನಬಹುದಿತ್ತು. ಕಡತದಲ್ಲಿ ಒಪ್ಪಿಗೆ ಪತ್ರ ಇತ್ತು, ಕೆಳಗೆ ನೀಲಿ ಶಾಯಿಯ ಹೆಬ್ಬೆಟ್ಟು ಇತ್ತು. ನಾನು ಅವನನ್ನು ಕೇಳಿದೆ, "ಇದರಲ್ಲಿ ಏನು ಬರೆದಿದೆ ಗೊತ್ತೇನಪ್ಪ?" ಅವನು ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಜಾಮೀನಿನ ಕಾಗದ ಅಂದರು ಸಾಹೇಬರೇ" ಎಂದ.

ರಕ್ತ ಹೊಂದಲಿಲ್ಲ. ಆರೋಪಪಟ್ಟಿಯಿಂದ ಅವನ ಹೆಸರು ಬಿಟ್ಟುಹೋಯಿತು. ಡಿಎನ್ಎ ಅವನನ್ನು ಉಳಿಸಿತು, ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಆ ಮೇಲೆ ಅವನ ತಾಯಿ ನನ್ನ ಕಚೇರಿಗೆ ಬಂದಳು. "ಸಾಹೇಬರೇ, ಮಗನ ರಕ್ತ ಅವರ ಹತ್ತಿರವೇ ಉಳಿಯಿತಲ್ಲ. ಅದನ್ನು ತಿರುಗಿ ಕೊಡಿಸುತ್ತೀರಾ?" ಎಂದು ಕೇಳಿದಳು. ಮೊದಲು ನನಗೆ ಆ ಪ್ರಶ್ನೆಯ ಆಳ ತಿಳಿಯಲಿಲ್ಲ. "ಅವ್ವಾ, ರಕ್ತ ತಿರುಗಿ ಬರುವುದಿಲ್ಲ" ಎಂದುಬಿಟ್ಟೆ. ಅವಳು ಹೋದ ಮೇಲೆ ಕಾಯ್ದೆಯ ಪುಸ್ತಕ ತೆಗೆದು ಕುಳಿತೆ.

ಅವಳ ಪ್ರಶ್ನೆಗೆ ಕಾಯ್ದೆಯಲ್ಲಿ ಉತ್ತರವಿದೆ. ಹಿಂದೆ ಶಿಕ್ಷೆಯಾಗದವನು ವಿಚಾರಣೆಯಿಲ್ಲದೆ ಬಿಡುಗಡೆಯಾದರೆ, ಆರೋಪಮುಕ್ತನಾದರೆ ಅಥವಾ ಖುಲಾಸೆಯಾದರೆ, ಕಾನೂನಿನ ಎಲ್ಲ ದಾರಿಗಳೂ ಮುಗಿದ ಮೇಲೆ ದಾಖಲೆಯನ್ನು ನಾಶಮಾಡಬೇಕು. ಮ್ಯಾಜಿಸ್ಟ್ರೇಟರು ಕಾರಣ ಬರೆದು ಇಡಲು ಹೇಳಿದರೆ ಮಾತ್ರ ಉಳಿಯುತ್ತದೆ. ಆದರೆ 2022ರ ನಿಯಮಗಳನ್ನು ಓದಿದರೆ, ನಾಶಮಾಡಿ ಎಂದು ನೋಡಲ್ ಅಧಿಕಾರಿಗೆ, ಅಂದರೆ ಈ ಕೆಲಸಕ್ಕೆಂದು ಸರ್ಕಾರ ಗೊತ್ತುಮಾಡಿದ ಅಧಿಕಾರಿಗೆ, ಅರ್ಜಿ ಕೊಡಬೇಕಾದವನು ಆ ಮನುಷ್ಯನೇ. ಅವನ ಹೆಸರು ಬೇರೆ ಪ್ರಕರಣಕ್ಕೆ ಹೊಂದಿಕೊಂಡಿಲ್ಲ ಎಂದು ಪರಿಶೀಲಿಸಿ ಅಧಿಕಾರಿ ಶಿಫಾರಸು ಮಾಡಬೇಕು. ಜಾಮೀನಿನ ಕಾಗದಕ್ಕೂ ಒಪ್ಪಿಗೆ ಪತ್ರಕ್ಕೂ ವ್ಯತ್ಯಾಸ ಗೊತ್ತಿಲ್ಲದ, ಹಂಗಾಮು ಮುಗಿದರೆ ಬೇರೆ ಜಿಲ್ಲೆಗೆ ಹೋಗುವ ಹುಡುಗ ನೋಡಲ್ ಅಧಿಕಾರಿಯನ್ನು ಎಲ್ಲಿ ಹುಡುಕಬೇಕು? ಅರ್ಜಿ ಕೊಡದಿದ್ದರೆ ತೊಂಬತ್ತೇಳನೆಯ ವಯಸ್ಸಿನವರೆಗೆ ಅವನು ಆ ಖಾತೆಯಲ್ಲಿರುತ್ತಾನೆ. ತೆಗೆದುಕೊಂಡದ್ದು ಸರ್ಕಾರ. ಅಳಿಸುವ ಹೊರೆಯನ್ನೂ ಸರ್ಕಾರವೇ ಹೊರಬೇಕು.

ಬ್ರಿಟನ್ ಈ ದಾರಿಯಲ್ಲಿ ನಮಗಿಂತ ಮೊದಲು ನಡೆದು ಎಡವಿದೆ. ಅವರ ರಾಷ್ಟ್ರೀಯ ಡಿಎನ್ಎ ಸಂಗ್ರಹ ಶುರುವಾದದ್ದು 1995ರಲ್ಲಿ. ಬರಬರುತ್ತಾ ಬಂಧಿತರಾದವರ ಮಾದರಿಯನ್ನೆಲ್ಲ, ಖುಲಾಸೆಯಾದರೂ, ಕೊನೆಯಿಲ್ಲದ ಕಾಲ ಇಡತೊಡಗಿದರು. 2001ರಲ್ಲಿ ದರೋಡೆ ಯತ್ನದ ಆರೋಪ ಹೊತ್ತು ಬಿಡುಗಡೆಯಾದ ಹನ್ನೊಂದು ವರ್ಷದ ಬಾಲಕ ಮತ್ತು ದೂರು ಕೈಬಿಟ್ಟ ಪ್ರಕರಣದ ಇನ್ನೊಬ್ಬ ವ್ಯಕ್ತಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. 2008ರ ಡಿಸೆಂಬರ್ 4ರಂದು 17 ನ್ಯಾಯಮೂರ್ತಿಗಳು ಒಮ್ಮತದಿಂದ ಅವರ ಪರ ತೀರ್ಪು ಕೊಟ್ಟರು. ನಿರಪರಾಧಿಯನ್ನು ಅಪರಾಧಿಯ ಸಾಲಿನಲ್ಲಿ ಕೂರಿಸುವುದು ಅವನಿಗೆ ಕಳಂಕ ಹಚ್ಚಿದಂತೆ ಎಂಬುದು ಆ ತೀರ್ಪಿನ ಮನಮುಟ್ಟುವ ಭಾಗ. 2012ರಲ್ಲಿ ಕಾನೂನು ಬದಲಾಯಿತು, 17 ಲಕ್ಷಕ್ಕೂ ಹೆಚ್ಚು ಪ್ರೊಫೈಲ್‌ಗಳನ್ನು ಅಳಿಸಿದರು. ಮಾದರಿಯನ್ನು ಆರು ತಿಂಗಳೊಳಗೆ ನಾಶಮಾಡಬೇಕು ಎಂಬ ನಿಯಮ ಬಂತು. ಅಷ್ಟು ಅಳಿಸಿಯೂ ಅಲ್ಲಿನ ಪೊಲೀಸ್ ವ್ಯವಸ್ಥೆ ಕುಸಿದು ಬೀಳಲಿಲ್ಲ.

ನಮ್ಮಲ್ಲಿಯೂ ಆಧಾರವಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಅದನ್ನು ಮೊಟಕುಗೊಳಿಸಬೇಕಾದರೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕ್ರಮ ಇರಬೇಕು. ಕೇಬಲ್ ಕಳವಿಗೆ 75 ವರ್ಷದ ವಂಶಾವಳಿ ತಕ್ಕಷ್ಟೇ ಎಂದು ಯಾರು ಹೇಳಬಲ್ಲರು?

ವಂಶಾವಳಿ ಎಂದು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ. 2018ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಮಾಜಿ ಪೊಲೀಸನನ್ನು ಬಂಧಿಸಿದರು. 1970 ಮತ್ತು 80ರ ದಶಕಗಳಲ್ಲಿ ಸರಣಿ ಕೊಲೆ, ಅತ್ಯಾಚಾರ ನಡೆಸಿದವನು ಅವನು. ಮುಂದೆ 13 ಕೊಲೆಗಳನ್ನು ಒಪ್ಪಿಕೊಂಡ. ಅವನ ಡಿಎನ್ಎ ಯಾವ ಸರ್ಕಾರಿ ಸಂಗ್ರಹದಲ್ಲಿಯೂ ಇರಲಿಲ್ಲ. ಜನರು ತಮ್ಮ ಪೂರ್ವಿಕರನ್ನು ಹುಡುಕಲು ಸ್ವಇಚ್ಛೆಯಿಂದ ಡಿಎನ್ಎ ವಿವರ ಹಾಕುವ ಒಂದು ಜಾಲತಾಣದಲ್ಲಿ ಅವನ ದೂರದ ದಾಯಾದಿಗಳು ಸಿಕ್ಕರು. ತನಿಖೆಯವರು ಅಲ್ಲಿಂದ ಮುತ್ತಜ್ಜನ ಅಜ್ಜನವರೆಗೆ ಏರಿ, ಅವನ ಎಲ್ಲ ಕವಲುಗಳಲ್ಲಿ ಇಳಿದು, ಒಬ್ಬನ ಮನೆಯ ಬಾಗಿಲಿಗೆ ಬಂದರು. ಇದು ಹೆಳವರ ವಿದ್ಯೆಯೇ. ಆದರೆ ಯಾರ ಅಂಗಳದಲ್ಲಿಯೂ ಕಂಬಳಿ ಹಾಸಿರಲಿಲ್ಲ. ಆ ಕ್ರೂರಿ ಸಿಕ್ಕದ್ದು ಒಳ್ಳೆಯದಾಯಿತು. ಅದಕ್ಕೂ ಮೊದಲಿನ ವರ್ಷ ಇದೇ ಹುಡುಕಾಟದಲ್ಲಿ ಆರಿಗನ್‌ನ ವೃದ್ಧಾಶ್ರಮದಲ್ಲಿದ್ದ ಒಬ್ಬ ಮುದುಕನ ಮೇಲೆ ತಪ್ಪು ಶಂಕೆ ಬಿದ್ದು ಅವನ ಮಾದರಿ ತೆಗೆದದ್ದನ್ನೂ ಮರೆಯಬಾರದು.

ನಮ್ಮ ಸೀಮೆಯಲ್ಲಿ ಈ ಮಾತಿಗೆ ಇನ್ನೊಂದು ತೂಕವಿದೆ. ಇಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುತ್ತೇವೆ, ಸೋದರತ್ತೆಯ ಮಗನಿಗೆ ಕೊಡುತ್ತೇವೆ. ಸುತ್ತಲಿನ ನಾಲ್ಕು ಊರುಗಳಲ್ಲಿಯೇ ತಲೆತಲಾಂತರದಿಂದ ಬೀಗತನ. ಹೀಗಾಗಿ ಒಂದೇ ಊರಿನ ಜನರ ಡಿಎನ್ಎಯಲ್ಲಿ ಸಮಾನವಾದ ಭಾಗ ಹೆಚ್ಚು. ವರದಿಯಲ್ಲಿ "ಇಷ್ಟು ಕೋಟಿಗೆ ಒಬ್ಬರಲ್ಲಿ ಮಾತ್ರ ಹೀಗಿರುತ್ತದೆ" ಎಂದು ಬರೆಯುವ ಲೆಕ್ಕ ಸಾಮಾನ್ಯವಾಗಿ ಪರಸ್ಪರ ಸಂಬಂಧವಿಲ್ಲದ ಜನರನ್ನು ಕುರಿತದ್ದು. ಆರೋಪಿಯ ಸ್ವಂತ ಅಣ್ಣ ತಮ್ಮಂದಿರು, ಅತ್ತೆ ಮಾವಂದಿರ ಮಕ್ಕಳು ಅದೇ ಓಣಿಯಲ್ಲಿದ್ದರೆ ಆ ಕೋಟಿ ಬಹಳ ಕೆಳಗೆ ಇಳಿಯುತ್ತದೆ. ಗಂಡಸರಲ್ಲಿ ಮಾತ್ರ ಇರುವ ವೈ ವರ್ಣತಂತುವಿನ ಪರೀಕ್ಷೆಯಾದರೆ ಇನ್ನೂ ಎಚ್ಚರ ಬೇಕು. ಅತ್ಯಾಚಾರ ಪ್ರಕರಣಗಳಲ್ಲಿ ಇದನ್ನು ಹೆಚ್ಚಾಗಿ ಮಾಡುತ್ತಾರೆ. ಆ ವರ್ಣತಂತು ತಂದೆಯಿಂದ ಮಗನಿಗೆ ಬಹುತೇಕ ಬದಲಾಗದೆ ಇಳಿಯುತ್ತದೆ. ಒಬ್ಬ ಮೂಲಪುರುಷನ ಗಂಡು ಸಂತತಿಗೆಲ್ಲ, ಅಂದರೆ ಒಂದು ಬೆಡಗಿನ ಹತ್ತಾರು ಮನೆಗಳ ಗಂಡಸರಿಗೆಲ್ಲ, ಅದು ಒಂದೇ ಆಗಿರಬಹುದು. ಪಾಟೀಸವಾಲಿನಲ್ಲಿ ಇದನ್ನು ಕೇಳಿ. ಕಿರಿಯ ವಕೀಲರು ಕೇಳದೆ ಬಿಟ್ಟದ್ದನ್ನು ನಾನು ಹಲವು ಸಲ ನೋಡಿ ನೊಂದಿದ್ದೇನೆ.

ಆ ಕಬ್ಬು ಕಡಿಯುವ ಹುಡುಗನ ಅಜ್ಜ ಹುಟ್ಟಿದ್ದು ಸೆಟ್ಲಮೆಂಟಿನಲ್ಲಿ. ಇದನ್ನು ಅವನ ತಾಯಿ ಎರಡನೆಯ ಸಲ ಬಂದಾಗ ಹೇಳಿದಳು. ನಿಮ್ಮಲ್ಲಿ ಚಿಕ್ಕವರಿಗೆ ಆ ಪದದ ಅರ್ಥ ತಿಳಿದಿರಲಿಕ್ಕಿಲ್ಲ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು, ಇಡೀ ಜಾತಿಯನ್ನು ಹುಟ್ಟಿನಿಂದ ಕಳ್ಳರೆಂದು ಪಟ್ಟಿಗೆ ಹಾಕಿದರು. ಮುಂಬೈ ಪ್ರಾಂತ್ಯದಲ್ಲಿ ಬಿಜಾಪುರ, ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ಅವರನ್ನು ಸೆಟ್ಲಮೆಂಟು ಎಂಬ ಕಾವಲಿನ ವಸತಿಗಳಲ್ಲಿಟ್ಟು ಹಾಜರಿ ಕೂಗುತ್ತಿದ್ದರು. ನಮ್ಮ ಬಾಗಲಕೋಟೆ 1997ರವರೆಗೆ ಬಿಜಾಪುರ ಜಿಲ್ಲೆಯಲ್ಲಿಯೇ ಇತ್ತು, ಆದ್ದರಿಂದ ಇದು ನೆರೆಯವರ ಕಥೆಯೇನೂ ಅಲ್ಲ. ಹರಣಶಿಕಾರಿಗಳು, ಗಂಟಿಚೋರರು, ಛಪ್ಪರಬಂದರು ಈ ನೋವು ಉಂಡವರು. 1911ರ ಕಾಯ್ದೆಯ ಪ್ರಕಾರ ಪಟ್ಟಿಯಲ್ಲಿದ್ದ ಯಾರ ಬೆರಳಚ್ಚನ್ನಾದರೂ ಅಧಿಕಾರಿಗಳು ಯಾವಾಗ ಬೇಕಾದರೂ ತೆಗೆಸಬಹುದಿತ್ತು. ಅಪರಾಧ ನಡೆದಿರಲೇಬೇಕೆಂದಿರಲಿಲ್ಲ. 1952ರಲ್ಲಿ ಆ ಕಾಯ್ದೆ ರದ್ದಾಯಿತು. ಆದರೆ ಕಳವು ಆದ ಕೂಡಲೇ ಮೊದಲು ಯಾವ ಬಿಡಾರಕ್ಕೆ ಜೀಪು ಹೋಗುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. 2024ರ ಅಕ್ಟೋಬರ್ 3ರಂದು, ಜೈಲು ಕೈಪಿಡಿಗಳಲ್ಲಿನ ಜಾತಿ ತಾರತಮ್ಯದ ಕುರಿತ ತೀರ್ಪಿನಲ್ಲಿ, ವಿಮುಕ್ತ ಬುಡಕಟ್ಟಿನವರನ್ನು, ಅಂದರೆ ಆ ಹಳೆಯ ಪಟ್ಟಿಯಿಂದ ಬಿಡುಗಡೆಯಾದವರನ್ನು, ಮನಬಂದಂತೆ ಬಂಧಿಸಕೂಡದು ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಈಗ ಎರಡನ್ನೂ ಸೇರಿಸಿ ನೋಡಿ. ಬಂಧನ ಯಾವ ಓಣಿಯಲ್ಲಿ ಹೆಚ್ಚೋ ಆ ಓಣಿಯ ಡಿಎನ್ಎ ಸಂಗ್ರಹದಲ್ಲಿ ಹೆಚ್ಚು. ಬ್ರಿಟನ್ನಿನ ಸಂಗ್ರಹದಲ್ಲಿ ಕಪ್ಪು ಜನರ ಪಾಲು ಜನಸಂಖ್ಯೆಯಲ್ಲಿನ ಅವರ ಪಾಲಿಗಿಂತ ಬಹಳ ಹೆಚ್ಚಿರುವುದು ಇದೇ ಕಾರಣಕ್ಕೆ. ಒಬ್ಬ ಹುಡುಗನ ರಕ್ತದಿಂದ ಅವನ ಇಡೀ ಕುಲಬಾಂಧವರನ್ನು ಹುಡುಕಬಹುದಾದರೆ, 1952ರಲ್ಲಿ ಹರಿದುಹಾಕಿದ ಪಟ್ಟಿಯನ್ನು ಯಾರೂ ಉದ್ದೇಶಿಸದೆಯೇ ಮತ್ತೆ ಬರೆದಂತಾಗುತ್ತದೆ. ಆ ತಾಯಿ "ರಕ್ತ ತಿರುಗಿ ಕೊಡಿಸಿ" ಎಂದದ್ದರ ಅರ್ಥ ನನಗೆ ಆಗ ತಿಳಿಯಿತು.

ಇನ್ನು ಪರೀಕ್ಷೆಯ ದೋಷಗಳು. ಜರ್ಮನಿಯ ಪೊಲೀಸರು 40ಕ್ಕೂ ಹೆಚ್ಚು ಘಟನಾ ಸ್ಥಳಗಳಲ್ಲಿ ಸಿಕ್ಕ ಒಬ್ಬಳೇ ಹೆಂಗಸಿನ ಡಿಎನ್ಎ ಬೆನ್ನುಹತ್ತಿ ವರ್ಷಗಟ್ಟಲೆ ಅಲೆದರು. 2009ರಲ್ಲಿ ತಿಳಿದದ್ದೇನೆಂದರೆ, ಅದು ಮಾದರಿ ತೆಗೆಯುವ ಹತ್ತಿಯ ಕಡ್ಡಿಗಳನ್ನು ಕಟ್ಟುವ ಕೆಲಸದಲ್ಲಿದ್ದ ಹೆಂಗಸಿನದು. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೊಲೆಯಾದವನ ಉಗುರಿನಲ್ಲಿ ಸಿಕ್ಕ ಡಿಎನ್ಎ ಆಧಾರದ ಮೇಲೆ ಒಬ್ಬನನ್ನು ಜೈಲಿಗೆ ಹಾಕಿದರು. ಕೊಲೆಯ ರಾತ್ರಿ ಅವನು ಕುಡಿದು ಪ್ರಜ್ಞೆತಪ್ಪಿ ಆಸ್ಪತ್ರೆಯಲ್ಲಿದ್ದ. ಅವನನ್ನು ಎತ್ತಿದ ಆಂಬುಲೆನ್ಸ್ ಸಿಬ್ಬಂದಿಯೇ ಆಮೇಲೆ ಆ ಶವವನ್ನೂ ಮುಟ್ಟಿದ್ದರು. ಅವನು ತಿಂಗಳುಗಟ್ಟಲೆ ಒಳಗಿದ್ದ.

ನಮ್ಮಲ್ಲಿಯ ದೋಷ ಇನ್ನೂ ಸರಳವಾದದ್ದು. ಒಮ್ಮೆ ನ್ಯಾಯಾಲಯದಲ್ಲಿ ಮುದ್ದೆಮಾಲು, ಅಂದರೆ ಪೊಲೀಸರು ವಶಪಡಿಸಿಕೊಂಡ ಸಾಕ್ಷ್ಯದ ವಸ್ತು, ತೆರೆಸಿದೆ. ಅರಗಿನ ಮುದ್ರೆ ಸರಿಯಾಗಿತ್ತು. ಒಳಗಿನ ಪ್ಲಾಸ್ಟಿಕ್ ಚೀಲ ಬಿಚ್ಚಿದ ಕೂಡಲೇ ಕಮಟು ವಾಸನೆ ಬಂತು, ಬಟ್ಟೆಯ ಮೇಲೆ ಬೂದುಬಣ್ಣದ ಬೂಸ್ಟು ಹರಡಿತ್ತು. ರಕ್ತದ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿ ಇಡಬೇಕು, ಹಸಿಯಾಗಿಯೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ್ದರು. ಪಂಚನಾಮೆಯಲ್ಲಿ ಒಂದು ದಿನಾಂಕ, ಪ್ರಯೋಗಾಲಯಕ್ಕೆ ಹೋದ ದಿನಾಂಕ ಮತ್ತೊಂದು, ನಡುವೆ ನಮ್ಮ ಏಪ್ರಿಲ್ ತಿಂಗಳ ಬಿಸಿಲು. ದೆಹಲಿಯ ಒಂದು ಅತ್ಯಾಚಾರ ಮತ್ತು ಕೊಲೆ ಪ್ರಕರಣದಲ್ಲಿ 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆಗೆ ಗುರಿಯಾದ ಮೂವರನ್ನೂ ಬಿಡುಗಡೆ ಮಾಡಿತು. ಮಾದರಿಗಳು ಠಾಣೆಯ ಮಾಲಖಾನೆಯಲ್ಲಿ ಸುಮಾರು ಎರಡು ವಾರ ಇದ್ದವು ಎಂಬುದೂ ಕಾರಣಗಳಲ್ಲಿ ಒಂದು. ಸತ್ತ ಮಗಳ ತಂದೆತಾಯಿಗೆ ನ್ಯಾಯ ಸಿಗಲಿಲ್ಲ, ಆರೋಪಿಗಳು ಹತ್ತು ವರ್ಷ ಕಳೆದುಕೊಂಡರು. 2025ರ ಜುಲೈನಲ್ಲಿ ತಮಿಳುನಾಡಿನ ಇನ್ನೊಂದು ಪ್ರಕರಣದಲ್ಲಿ, ಮಾದರಿಯನ್ನು 48 ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು, ಅದು ಕೈಯಿಂದ ಕೈಗೆ ಹೋದದ್ದಕ್ಕೆಲ್ಲ ದಾಖಲೆ ಇರಬೇಕು ಎಂದು ನ್ಯಾಯಾಲಯ ನಿರ್ದೇಶಿಸಿತು. ಬೆಳಗಾವಿಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ಅಲ್ಲಿಗೆ ಹೋಗುವ ಮೊದಲು ಲಕೋಟೆ ಯಾವ ಕಪಾಟಿನಲ್ಲಿತ್ತು, ಬೀಗದ ಕೈ ಯಾರ ಬಳಿ ಇತ್ತು ಎಂದು ಕೇಳುವುದು ನಿಮ್ಮ ಕೆಲಸ.

ದುಃಖದಲ್ಲಿ ಕೊಟ್ಟ ರಕ್ತದ ಮಾತಿಗೆ ಬರುತ್ತೇನೆ ಎಂದಿದ್ದೆ. 2022ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಸಂಗತಿ ಹೊರಬಿತ್ತು. ಹಲವು ವರ್ಷಗಳ ಹಿಂದೆ ಅತ್ಯಾಚಾರಕ್ಕೆ ಒಳಗಾಗಿ, ಧೈರ್ಯ ಮಾಡಿ ಮಾದರಿ ಕೊಟ್ಟ ಹೆಂಗಸೊಬ್ಬಳ ಡಿಎನ್ಎಯನ್ನು ಪೊಲೀಸರು ಇಟ್ಟುಕೊಂಡು, ಆಮೇಲೆ ಅವಳನ್ನೇ ಕಳವಿನ ಪ್ರಕರಣದಲ್ಲಿ ಆರೋಪಿಯಾಗಿಸಲು ಬಳಸಿದ್ದರು. ಮುಂದೆ ಯಾವ ಹೆಣ್ಣುಮಗಳು ಆಸ್ಪತ್ರೆಯಲ್ಲಿ ಮಾದರಿ ಕೊಡಲು ಒಪ್ಪಿಯಾಳು? ಕುವೈತ್ 2015ರಲ್ಲಿ ದೇಶದ ಎಲ್ಲರ ಡಿಎನ್ಎ ತೆಗೆಯುವ ಕಾನೂನನ್ನೇ ಮಾಡಿತ್ತು, 2017ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅದನ್ನು ತೆಗೆದುಹಾಕಿತು.

ಹಾಗಾದರೆ ಏನು ಬೇಕು ಎಂದು ಮುಂದಿನ ಸಾಲಿನಲ್ಲಿ ಕುಳಿತ ಒಬ್ಬರು ಕೇಳಿದರು. ಖುಲಾಸೆಯ ಆದೇಶ ಬಂದ ದಿನವೇ ನ್ಯಾಯಾಲಯದಿಂದ ನೇರವಾಗಿ ಸೂಚನೆ ಹೋಗಿ ದಾಖಲೆ ಅಳಿಸಬೇಕು, ಅಳಿಸಿದ್ದಕ್ಕೆ ಆ ಮನುಷ್ಯನಿಗೆ ಲಿಖಿತ ಪತ್ರ ಬರಬೇಕು. ಪ್ರೊಫೈಲ್ ತೆಗೆದ ಮೇಲೆ ಮಾದರಿ ಉಳಿಯಬಾರದು. ಸಂಬಂಧಿಕರ ಮೂಲಕ ಹುಡುಕುವುದನ್ನು ನ್ಯಾಯಾಧೀಶರ ಅನುಮತಿಯಿಲ್ಲದೆ ಮಾಡಕೂಡದು, ಅದೂ ಕೊಲೆ, ಅತ್ಯಾಚಾರದಂತಹ ಪ್ರಕರಣದಲ್ಲಿ ಮಾತ್ರ. ನೊಂದವರ, ಕಾಣೆಯಾದವರ ಮನೆಯವರ ರಕ್ತ ಅಪರಾಧದ ಖಾತೆಗೆ ಎಂದಿಗೂ ಸೇರಬಾರದು. ಇದನ್ನೆಲ್ಲ ನೋಡಿಕೊಳ್ಳಲು ಪೊಲೀಸರ ಕೈಕೆಳಗಿಲ್ಲದ ಮಂಡಳಿ ಬೇಕು, ಅದರಲ್ಲಿ ವಿಮುಕ್ತ ಸಮುದಾಯದವರೂ ಕೂರಬೇಕು. ಇವು ಸಂಸತ್ತಿನ ಕೆಲಸ. ಅಲ್ಲಿಯವರೆಗೆ ಪ್ರತಿ ಒಪ್ಪಿಗೆ ಪತ್ರದ ಕೆಳಗಿನ ಹೆಬ್ಬೆಟ್ಟನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದು ನಮ್ಮ ಕೆಲಸ.

ಆ ಹುಡುಗನ ಪರವಾಗಿ ನಾನು ನೋಡಲ್ ಅಧಿಕಾರಿಗೆ ಅರ್ಜಿ ಬರೆದೆ. ಒಂದೇ ಪುಟ, ಕನ್ನಡದಲ್ಲಿ. ಪ್ರಕರಣದ ಸಂಖ್ಯೆ, ಮಾದರಿ ತೆಗೆದ ದಿನಾಂಕ, ಆರೋಪಪಟ್ಟಿಯಿಂದ ಹೆಸರು ಬಿಟ್ಟ ದಾಖಲೆ, ಕಾಯ್ದೆಯ 4ನೆಯ ಕಲಮಿನ ಉಲ್ಲೇಖ, ಕೊನೆಯಲ್ಲಿ ಅಳಿಸಿದ್ದಕ್ಕೆ ಲಿಖಿತ ಉತ್ತರ ಕೊಡಿ ಎಂಬ ಕೋರಿಕೆ. ನೋಂದಾಯಿತ ಅಂಚೆಯಲ್ಲಿ ಕಳುಹಿಸಿ, ರಸೀದಿಯನ್ನು ಅವನ ತಾಯಿಯ ಕೈಗೆ ಕೊಟ್ಟೆ. ಅವಳು ಅದನ್ನು ರೇಷನ್ ಕಾರ್ಡಿನ ಕವರಿನಲ್ಲಿ ಮಡಚಿ ಇಟ್ಟುಕೊಂಡಳು. ಉತ್ತರ ಇನ್ನೂ ಬಂದಿಲ್ಲ, ಎರಡು ಸಲ ಜ್ಞಾಪನಾ ಪತ್ರ ಕಳುಹಿಸಿದ್ದೇನೆ. ಹೆಸರು ಬಿಟ್ಟು ಆ ಅರ್ಜಿಯ ಮಾದರಿಯ ಐವತ್ತು ಪ್ರತಿಗಳನ್ನು ತಂದು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಹೋಗುವಾಗ ಒಂದೊಂದು ತೆಗೆದುಕೊಂಡು ಹೋಗಿ.